ದಯವಿಟ್ಟು ಪುಟ ತಿರುಗಿಸಿ ನೋಡಿ

ಗೆ,
ವಿಷಯ ನಿರ್ವಾಹಕರು,
ಆವಕ ವಿಭಾಗ.
(ಕಚೇರಿಯ ಹೆಸರು ಬೇಕೆಂದೇ ಬಿಟ್ಟಿದ್ದೇನೆ. ಬರೆದರೆ ಆ ಒಂದು ಕಚೇರಿಯವರಿಗೆ ಬೇಜಾರು, ಉಳಿದ ನಾಲ್ಕು ಕಚೇರಿಯವರಿಗೆ ಸಮಾಧಾನ.)

ವಿಷಯ: ನನ್ನ 42ನೇ ಪತ್ರದ ಎರಡನೇ ಪುಟದ ಕೊನೆಯ ಸಾಲಿನ ಕೆಳಗೆ ತಾವು ಎಳೆದ ಕೆಂಪು ಗೆರೆಯ ಬಗ್ಗೆ.
ಉಲ್ಲೇಖ: ಕಂಪನಿಯೊಂದರಲ್ಲಿ ಸಿಕ್ಕಿಕೊಂಡ ನನ್ನ ದುಡ್ಡಿನ ಬಗ್ಗೆ ಅದರ ಹಿಂದೆ ಬರೆದ 41 ಪತ್ರಗಳು.

ಮಾನ್ಯರೆ,

ನಿಮ್ಮ ಹೆಸರು ನನಗೆ ಗೊತ್ತಿಲ್ಲ. ಗಂಡಸರೋ ಹೆಂಗಸರೋ ಅದೂ ಗೊತ್ತಿಲ್ಲ. ಗೊತ್ತಿರುವುದು ನಿಮ್ಮ ಕೆಂಪು ಪೆನ್ಸಿಲ್ಲು ಮಾತ್ರ. ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಇಟ್ಟು ಅರ್ಜಿ ಹಾಕಿ, ಕಡತ ನೋಡಲು ಅನುಮತಿ ಪಡೆದು, ತಿಪಟೂರಿನಿಂದ ಬೆಳಿಗ್ಗೆಯ ರೈಲು ಹತ್ತಿ ಬಂದು ನಿಮ್ಮ ಕಚೇರಿಯ ಬೆಂಚಿನ ಮೇಲೆ ಕೂತು ಆ ಕೆಂಪು ಗೆರೆಯನ್ನು ನನ್ನ ಕಣ್ಣಾರೆ ನೋಡಿದ್ದೇನೆ. ನಾಲ್ಕು ಪುಟದ ಪತ್ರದಲ್ಲಿ ಅದೊಂದೇ ಗುರುತು. ಮಿಕ್ಕ ಹಾಳೆಗಳು ನಾನು ಕಳಿಸಿದಾಗ ಎಷ್ಟು ಬೆಳ್ಳಗಿದ್ದವೋ ಅಷ್ಟೇ ಬೆಳ್ಳಗಿದ್ದವು. ಹಿಂದೆ ಪಿನ್ನು ಹೊಡೆದು ಲಗತ್ತಿಸಿದ್ದ ಬಾಂಡಿನ ನಕಲನ್ನು ಮೂರು ಮಡಿಕೆ ಮಾಡಿ ಕಳಿಸಿದ್ದೆ. ಆ ಮಡಿಕೆ ಹಾಗೇ ಇತ್ತು. ಮೂವತ್ತೆಂಟು ವರ್ಷ ಅಂಚೆ ಇಲಾಖೆಯಲ್ಲಿ ಕೆಲಸ ಮಾಡಿದವನು ನಾನು. ಒಮ್ಮೆ ಬಿಚ್ಚಿ ಮತ್ತೆ ಮಡಚಿದ ಕಾಗದಕ್ಕೂ ಬಿಚ್ಚದೇ ಉಳಿದ ಕಾಗದಕ್ಕೂ ವ್ಯತ್ಯಾಸ ನನ್ನ ಬೆರಳಿಗೇ ಗೊತ್ತಾಗುತ್ತದೆ.

ನೀವು ಗೆರೆ ಎಳೆದ ಸಾಲು ಇದು: "ನಮ್ಮಂಥವರಿಗೆ ಇನ್ನು ಉಳಿದಿರುವುದು ಒಂದೇ ದಾರಿ."

ಇದರಿಂದ ಆದದ್ದೇನು ಎನ್ನುವುದು ನಿಮಗೆ ತಿಳಿದಿರಲಿಕ್ಕಿಲ್ಲ. 'ಸೂಕ್ತ ಕ್ರಮಕ್ಕಾಗಿ ರವಾನಿಸಲಾಗಿದೆ' ಎಂದು ಬರೆದು ಕಡತ ಮುಚ್ಚಿದ ಮೇಲೆ ಆ ಕ್ರಮ ಯಾರ ಮನೆಯ ಬಾಗಿಲು ತಟ್ಟಿತು ಎಂದು ಕೇಳುವ ಪುರುಸೊತ್ತು ನಿಮ್ಮ ಕೆಲಸದಲ್ಲಿ ಇರುವುದಿಲ್ಲ. ಆದ್ದರಿಂದ ನಾನೇ ವರದಿ ಒಪ್ಪಿಸುತ್ತೇನೆ.

2024ರ ಶ್ರಾವಣ ಮಾಸ. ಸೋಮವಾರ ಪತ್ರ ಹಾಕಿದ್ದೆ. ಶುಕ್ರವಾರ ಬೆಳಿಗ್ಗೆ ಅಟ್ಟದಿಂದ ಕಾಯಿ ಇಳಿಸುತ್ತಿದ್ದೆವು. ನಮ್ಮ ಕಡೆ ಉಂಡೆ ಕೊಬ್ಬರಿ ಆಗಬೇಕಾದರೆ ಕಾಯಿ ಹತ್ತು ಹನ್ನೊಂದು ತಿಂಗಳು ಅಟ್ಟದಲ್ಲೇ ಕೂತಿರಬೇಕು. ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗಿನ ಗಿಟುಕು ಗಡಗಡ ಅನ್ನಬೇಕು, ಆಗ ಇಳಿಸುವುದು. ನಾನು ಹಾಗೆ ಒಂದು ಕಾಯಿಯನ್ನು ಕಿವಿಗೆ ಹಿಡಿದು ನಿಂತಿದ್ದಾಗ ಬೈಕು ಬಂದು ನಿಂತಿತು. ದಫೇದಾರರು, ಜೊತೆಗೊಬ್ಬ ಹೊಸ ಹುಡುಗ.

"ಪೋಸ್ಟ್ ಮೇಷ್ಟ್ರೇ, ಆರೋಗ್ಯ ಹೆಂಗಿದೆ?"

"ಚೆನ್ನಾಗಿದೆಯಪ್ಪ."

"ಮನೇಲಿ ಎಲ್ಲಾರೂ?"

"ಎಲ್ಲಾರೂ ಚೆನ್ನಾಗಿದೀವಿ. ಯಾಕೆ?"

ಅವರು ಟೋಪಿ ತೆಗೆದರು. ಪೊಲೀಸರು ಟೋಪಿ ತೆಗೆದು ಮಾತಾಡುವುದನ್ನು ನಾನು ಸಾವಿನ ಮನೆಯಲ್ಲಿ ಬಿಟ್ಟರೆ ಬೇರೆಲ್ಲೂ ನೋಡಿಲ್ಲ. "ಏನಿಲ್ಲ. ಮೇಲಿಂದ ಕಾಗದ ಬಂದಿದೆ. ನೀವೇನೋ... ಜೀವ ಕಳ್ಕೋತೀನಿ ಅಂತ ಬರ್ದಿದ್ದೀರಂತಲ್ಲ."

ಅಡುಗೆಮನೆಯಲ್ಲಿ ಏನೋ ಬಿದ್ದ ಸದ್ದಾಯಿತು. ನಮ್ಮ ಮನೆಯವರು ಸೌಟು ಹಿಡಿದುಕೊಂಡೇ ಆಚೆ ಬಂದರು. ನನ್ನ ಮುಖ ನೋಡಿದರು, ದಫೇದಾರರ ಮುಖ ನೋಡಿದರು, ಒಂದು ಮಾತೂ ಆಡದೆ ಒಳಗೆ ಹೋಗಿ ತೋಟಕ್ಕೆ ತಂದಿಟ್ಟಿದ್ದ ಔಷಧಿಯ ಡಬ್ಬವನ್ನು ಎತ್ತಿ ಪಕ್ಕದ ಮನೆಗೆ ಕೊಟ್ಟು ಬಂದರು. ಮಧ್ಯಾಹ್ನದೊಳಗೆ ತಾಲ್ಲೂಕು ಕಚೇರಿಯಿಂದ ಫೋನು ಬಂತು. ಆರೋಗ್ಯ ಕೇಂದ್ರದಿಂದ ಒಬ್ಬ ಹೆಣ್ಣುಮಗಳು ಬಂದು ಬಿ.ಪಿ. ನೋಡಿ, ನಿದ್ದೆ ಬರುತ್ತಾ ಅಂತ ಕೇಳಿ, ಒಂದು ಸಹಾಯವಾಣಿಯ ನಂಬರು ಬರೆದುಕೊಟ್ಟರು. ಗ್ರಾಮ ಆಡಳಿತ ಅಧಿಕಾರಿ ಸಂಜೆ ಬಂದು ಕಾಫಿ ಕುಡಿದು ಹೋದರು. ಇಪ್ಪತ್ತು ವರ್ಷದಿಂದ ನಮ್ಮ ಬೀದಿಯ ಚರಂಡಿ ನೋಡಲು ಬಾರದ ಸರ್ಕಾರ ಒಂದೇ ದಿನ ಇಡಿಯಾಗಿ ನಮ್ಮ ಜಗಲಿಯ ಮೇಲೆ ಕೂತಿತ್ತು.

ಇದನ್ನು ನಾನು ಗೇಲಿ ಮಾಡುತ್ತಿಲ್ಲ. ನಿಜವಾಗಿ ಆ ಯೋಚನೆಯಲ್ಲಿದ್ದವನ ಪತ್ರ ನಿಮ್ಮ ಮೇಜಿಗೆ ಬಂದಿದ್ದರೆ ನಿಮ್ಮ ಕೆಂಪು ಗೆರೆ ಒಂದು ಜೀವ ಉಳಿಸುತ್ತಿತ್ತು. ಅಂಥ ಪತ್ರಗಳು ಬರುತ್ತವೆ. ದುಡ್ಡು ಕಳೆದುಕೊಂಡವರು 'ದಯಾಮರಣ ಕೊಡಿ' ಎಂದು ರಾಷ್ಟ್ರಪತಿಗೇ ಬರೆಯುವುದು ನಮ್ಮ ರಾಜ್ಯದಲ್ಲಿ ಪತ್ರಿಕೆ ಓದುವವರಿಗೆಲ್ಲ ಗೊತ್ತಿರುವ ಸಂಗತಿ. ಬೇರೆ ಯಾವ ಮಾತಿಗೂ ಯಾರೂ ತಿರುಗಿ ನೋಡದಿದ್ದಾಗ ಜನ ಆ ಮಾತು ಬರೆಯುತ್ತಾರೆ. ನನಗೂ ಇಬ್ಬರು ಮೂವರು ಆ ಸಲಹೆ ಕೊಟ್ಟಿದ್ದರು, "ಹಂಗೆ ಬರೀರಿ ಮೇಷ್ಟ್ರೇ, ಓಡಿ ಬರ್ತಾರೆ" ಅಂತ. ನಾನು ಒಪ್ಪಿರಲಿಲ್ಲ. ಕೊನೆಗೆ ಬರೆಯದೆಯೇ ಬಂದರು. ಬಂದಿದ್ದಕ್ಕೆ ಕೃತಜ್ಞತೆ ಇದೆ. ನನ್ನ ತಕರಾರು ಬೇರೆ.

ಆ ಸಾಲು ಎರಡನೇ ಪುಟದ ಕಟ್ಟಕಡೆಯ ಸಾಲು. ಮೂರನೇ ಪುಟದ ಮೊದಲ ಸಾಲು ಹೀಗಿದೆ: "ಅದು ನ್ಯಾಯಾಲಯದ ದಾರಿ. ಆದರೆ ನಾಲ್ಕು ಲಕ್ಷಕ್ಕೆ ವಕೀಲರನ್ನು ಹಿಡಿದು ಬೆಂಗಳೂರಿಗೆ ಓಡಾಡಿದರೆ ಅಸಲಿಗಿಂತ ಖರ್ಚೇ ಹೆಚ್ಚಾದೀತು ಎಂಬ ಭಯದಿಂದ ತಮ್ಮಲ್ಲಿ ವಿನಂತಿಸುತ್ತಿದ್ದೇನೆ."

ಇಷ್ಟೇ ಸ್ವಾಮಿ. ನೀವು ಪುಟ ತಿರುಗಿಸಲಿಲ್ಲ.

ಸ್ಕೂಲಿನಲ್ಲಿ ನಮ್ಮ ಕನ್ನಡ ಮೇಷ್ಟ್ರು ಪರೀಕ್ಷೆಯ ಹಾಳೆಯ ತುದಿಯಲ್ಲಿ ತಪ್ಪದೆ 'ಪು.ತಿ.ನೋ.' ಎಂದು ಬರೆಸುತ್ತಿದ್ದರು. ಪುಟ ತಿರುಗಿಸಿ ನೋಡಿ. ನಾವದನ್ನು ಬಹಳ ದಿನ ಮೇಲುಕೋಟೆಯ ಪು.ತಿ.ನ. ಅವರ ಯಾರೋ ತಮ್ಮನಿರಬೇಕು ಅಂದುಕೊಂಡಿದ್ದೆವು. 42ನೇ ಪತ್ರದಲ್ಲಿ ನಾನು ಪು.ತಿ.ನೋ. ಹಾಕಿರಲಿಲ್ಲ. ಅಷ್ಟರಮಟ್ಟಿಗೆ ತಪ್ಪು ನನ್ನದು. ಈ ಸಲ ಶೀರ್ಷಿಕೆಯಲ್ಲೇ ಹಾಕಿದ್ದೇನೆ.

ಪುಟ ತಿರುಗಿಸಿದ್ದರೆ ಏನು ಕಾಣುತ್ತಿತ್ತು ಎನ್ನುವುದನ್ನು ಈಗ ಹೇಳಬೇಕು.

2016ರಲ್ಲಿ ಉಪ ಅಂಚೆಪಾಲಕನಾಗಿ ನಿವೃತ್ತನಾದೆ. ಅದರ ಮುಂದಿನ ವರ್ಷ ನನ್ನ ಷಡ್ಡಕನ ಮಗ ಒಂದು ಕಂಪನಿಯ ಏಜೆಂಟಾಗಿ ಮನೆಗೆ ಬಂದ. ಭೂಮಿ ಅಭಿವೃದ್ಧಿ ಮಾಡುವ ಕಂಪನಿ, ಶೇ 13 ಬಡ್ಡಿ, ಐದು ವರ್ಷಕ್ಕೆ ಅಸಲು ವಾಪಸ್ಸು. "ದೊಡ್ಡಪ್ಪ, ಊರಿನವರ ಪಾಸ್‌ಬುಕ್ಕಿಗೆ ಸೀಲು ಒತ್ತಿ ಒತ್ತಿ ನಿಮಗೆ ಸಾಕಾಗಿಲ್ವಾ? ನಿಮಗೂ ಒಂದಿಷ್ಟು ಮಾಡ್ಕೊಳ್ಳಿ" ಅಂದ. ಆಗ ಅಂಚೆ ಕಚೇರಿಯಲ್ಲಿ ಹಿರಿಯ ನಾಗರಿಕರ ಯೋಜನೆಗೆ ಬಡ್ಡಿ ಶೇ 8ರ ಮೇಲೆ ಚೂರುಪಾರು. ಆ ಐದು ಪರ್ಸೆಂಟಿನ ಆಸೆಗೆ ನಾಲ್ಕು ಲಕ್ಷ ಕೊಟ್ಟೆ. ಜೀವಮಾನವಿಡೀ ಕೌಂಟರಿನ ಹಿಂದೆ ಕೂತು "ಇದಕ್ಕೆ ಕೇಂದ್ರ ಸರ್ಕಾರದ ಖಾತರಿ ಇದೆ, ಹೊರಗೆ ಹಾಕಬೇಡಿ" ಎಂದು ಕೊಬ್ಬರಿ ಮಾರಿದ ದುಡ್ಡು ತಂದ ರೈತರಿಗೆಲ್ಲ ಹೇಳುತ್ತಿದ್ದವನು ನಾನೇ. ಬೈಯುವುದಿದ್ದರೆ ಇಲ್ಲಿ ಬೈಯಿರಿ, ಕೇಳಿಸಿಕೊಳ್ಳುತ್ತೇನೆ.

ಕೊಟ್ಟಿದ್ದು ಬಾಂಡು ಅಂತ ನಾವೆಲ್ಲ ಕರೆದೆವು. ಕಾಗದದ ಮೇಲೆ ಡಿಬೆಂಚರ್, ಅಂದರೆ ಕಂಪನಿಯ ಸಾಲಪತ್ರ, ಎಂದಿತ್ತು. ಹಸಿರು ಅಂಚು, ಉಬ್ಬು ಮೊಹರು, ಮೇಲೆ ಬಲಗಡೆ ಒಂದು ನಂಬರು. 2021ರಲ್ಲಿ ಬಡ್ಡಿ ನಿಂತಿತು. ಕೋವಿಡ್ ಅಂದರು. ಆಮೇಲೆ ಫೋನು ನಿಂತಿತು. ಆಮೇಲೆ ಕಚೇರಿಯ ಬೋರ್ಡು ಇಳಿಯಿತು.

ಆಗ ನಾನು ಪತ್ರ ಬರೆಯಲು ಶುರು ಮಾಡಿದೆ. ಬೇರೆಯವರು ಗಲಾಟೆ ಮಾಡುತ್ತಾರೆ, ನನಗೆ ಬರುವ ವಿದ್ಯೆ ಪತ್ರ ಹಾಕುವುದು. ಎಲ್ಲವೂ ರಿಜಿಸ್ಟರ್ಡ್, ಎಲ್ಲಕ್ಕೂ ತಲುಪಿದ್ದಕ್ಕೆ ಸಹಿ ಹಾಕಿ ಬರುವ ಎ.ಡಿ. ಕಾರ್ಡು. (2025ರಲ್ಲಿ ರಿಜಿಸ್ಟರ್ಡ್ ಪೋಸ್ಟನ್ನು ಸ್ಪೀಡ್ ಪೋಸ್ಟಿನಲ್ಲಿ ಸೇರಿಸಿಬಿಟ್ಟರು. ನನ್ನ ಮಟ್ಟಿಗೆ ಅದು ಮನೆಯ ಹಿರಿಯರೊಬ್ಬರು ಹೋದ ಹಾಗೆ.) ಉತ್ತರಗಳೂ ಬಂದವು, ಬರಲಿಲ್ಲ ಅನ್ನಲಾರೆ. ಮೊದಲ ಕಚೇರಿಯವರು ಬರೆದರು: ಸದರಿ ಸಂಸ್ಥೆ ನಮ್ಮಲ್ಲಿ ನೋಂದಣಿಯಾಗಿಲ್ಲವಾದ್ದರಿಂದ ನಮ್ಮ ವ್ಯಾಪ್ತಿಗೆ ಬರುವುದಿಲ್ಲ. ಅಯ್ಯಾ, ನೋಂದಣಿ ಇಲ್ಲದೆ ದುಡ್ಡು ಎತ್ತಿದ್ದಾರೆ ಎನ್ನುವುದೇ ನನ್ನ ದೂರು! ಎರಡನೆಯವರು, ಈ ಕಂಪನಿ ಶೇರುಪೇಟೆಯಲ್ಲಿ ಪಟ್ಟಿಯಾಗಿಲ್ಲ, ಇನ್ನೊಂದು ಕಚೇರಿ ನೋಡಿಕೊಳ್ಳಿ ಅಂದರು. ಆ ಇನ್ನೊಂದು ಕಚೇರಿಯವರು ಕಂಪನಿ ವಾರ್ಷಿಕ ಲೆಕ್ಕಪತ್ರ ಸಲ್ಲಿಸಿಲ್ಲವಾದ್ದರಿಂದ ಮಾಹಿತಿ ಲಭ್ಯವಿಲ್ಲ ಎಂದರು. ನಾಲ್ಕನೆಯವರದು ಅದ್ಭುತ. ನನ್ನ ದೂರನ್ನು ಉತ್ತರ ಕೋರಿ ಆ ಕಂಪನಿಗೇ ಕಳಿಸಿದರು, ನನ್ನ ವಿಳಾಸ ಸಮೇತ. ಕಂಪನಿ ಎಲ್ಲಿತ್ತೋ, ಆ ಪತ್ರ ಮಾತ್ರ 'ಪಡೆಯುವವರು ಇಲ್ಲ' ಎಂಬ ಷರಾ ಹೊತ್ತು ಅವರ ಕಚೇರಿಗೇ ವಾಪಸ್ಸು ಹೋಯಿತು. ಆ ಷರಾ ಬರೆದ ಪೋಸ್ಟ್‌ಮ್ಯಾನ್‌ಗಿಂತ ಹೆಚ್ಚಿನ ತನಿಖೆಯನ್ನು ಇಲ್ಲಿಯವರೆಗೆ ಯಾರೂ ಮಾಡಿಲ್ಲ.

ಮೂರನೇ ಪುಟಕ್ಕೆ ಬರೋಣ. ನನ್ನ ಬಾಂಡಿನ ನಂಬರು 11438, ದಿನಾಂಕ 2017ರ ಜೂನ್ 12. ನಮ್ಮ ಹಿಂದಿನ ಬೀದಿಯ ವಿಧವೆಯೊಬ್ಬರದು 11971, ದಿನಾಂಕ ಜೂನ್ 29. ಹದಿನೇಳು ದಿನದಲ್ಲಿ 533 ನಂಬರು ಮುಂದೆ ಹೋಗಿದೆ. ರಸೀದಿ ಪುಸ್ತಕದ ಕ್ರಮಸಂಖ್ಯೆ ಲೆಕ್ಕ ಹಾಕುವುದು ಪೋಸ್ಟ್ ಮೇಷ್ಟ್ರ ಕೆಲಸ, ಸಂಜೆ ಅದು ತಾಳೆಯಾಗದೆ ಮನೆಗೆ ಹೋಗುವಂತಿಲ್ಲ. ಒಬ್ಬೊಬ್ಬರ ಹೆಸರಿನಲ್ಲಿ ಎರಡು ಮೂರು ಬಾಂಡು ಇರಬಹುದು, ಇರಲಿ. ಆದರೂ ಇದು ನಾಲ್ಕಾರು ಜನ ಪರಿಚಯಸ್ಥರ ನಡುವಿನ ವ್ಯವಹಾರ ಅಲ್ಲ ಎನ್ನುವುದಕ್ಕೆ ಇನ್ನೇನು ಬೇಕು? 2013ರ ಕಂಪನಿ ಕಾಯ್ದೆಯ 42ನೇ ಸೆಕ್ಷನ್ ಮತ್ತು ಅದರ ನಿಯಮಗಳ ಪ್ರಕಾರ, ಖಾಸಗಿಯಾಗಿ ಕೊಡುವ ಇಂಥ ಪತ್ರಗಳನ್ನು ಒಂದು ಹಣಕಾಸು ವರ್ಷದಲ್ಲಿ ಇನ್ನೂರಕ್ಕಿಂತ ಹೆಚ್ಚು ಸಾಮಾನ್ಯ ಹೂಡಿಕೆದಾರರಿಗೆ ಕೊಡುವಂತಿಲ್ಲ. ಅದಕ್ಕಿಂತ ಮೇಲೆ ಹೋದರೆ ಸಾರ್ವಜನಿಕರಿಂದ ಹಣ ಎತ್ತಿದಂತೆ, ಅದರ ಕಟ್ಟುಪಾಡೇ ಬೇರೆ. ನಮ್ಮ ಹೋಬಳಿಯಲ್ಲೇ ಬಾಂಡು ಇಟ್ಟುಕೊಂಡ 63 ಜನರನ್ನು ನಾನು ಸೈಕಲ್ಲಿನಲ್ಲಿ ಸುತ್ತಿ ಲೆಕ್ಕ ಹಾಕಿದ್ದೆ. ಅವರ ನಂಬರು ಮತ್ತು ದಿನಾಂಕಗಳ ಪಟ್ಟಿ ನಾಲ್ಕನೇ ಪುಟ.

ನೀವು ಸಂಕಟ ಓದಿದಿರಿ. ನಾನು ಬರೆದದ್ದು ಪುರಾವೆ.

ಇಂಥ ಪತ್ರ ಓದಿದರೆ ಏನಾಗುತ್ತದೆ ಎನ್ನುವುದಕ್ಕೆ ದೇಶದಲ್ಲಿ ಒಂದು ದೊಡ್ಡ ಉದಾಹರಣೆ ಇದೆ. 2010ರ ಜನವರಿ 4ರಂದು ಶೇರುಪೇಟೆಯ ಮೇಲ್ವಿಚಾರಣೆ ನೋಡುವ ಸೆಬಿಗೆ ಒಂದು ಪತ್ರ ಸಿಕ್ಕಿತು. ಬರೆದವರು ಇಂದೋರಿನವರು, ಚಾರ್ಟರ್ಡ್ ಅಕೌಂಟೆಂಟ್ ಎಂದು ಹೇಳಿಕೊಂಡಿದ್ದರು. ಅವರು ಬರೆದಿದ್ದು ಸೆಬಿಗಲ್ಲ, ರಾಷ್ಟ್ರೀಯ ಗೃಹ ಬ್ಯಾಂಕಿಗೆ. ಸಹಾರಾ ಸಮೂಹದ ಎರಡು ಕಂಪನಿಗಳು ಮಾರುತ್ತಿರುವ ಬಾಂಡುಗಳು ನಿಯಮದ ಪ್ರಕಾರ ಇವೆಯೇ ನೋಡಿ ಎನ್ನುವುದು ಅದರ ಸಾರ. ಅಲ್ಲಿಯೂ ನಿಮ್ಮಂಥ ಒಬ್ಬರು ಕೂತಿದ್ದಿರಬೇಕು. 'ನಮ್ಮ ವ್ಯಾಪ್ತಿಗೆ ಬರುವುದಿಲ್ಲ' ಎಂದು ಬರೆದವರಿಗೇ ತಿರುಗಿಸಿ ಕಳಿಸಬಹುದಿತ್ತು. ಹಾಗೆ ಮಾಡದೆ ಸೆಬಿಗೆ ದಾಟಿಸಿದರು. ಆ ಒಂದು ಕಾಗದವೇ ಎಲ್ಲ ಮಾಡಿತು ಎನ್ನುವುದು ಉತ್ಪ್ರೇಕ್ಷೆ. ಅದಕ್ಕೆ ಹತ್ತು ದಿನ ಮೊದಲು ಇನ್ನೊಂದು ದೂರು ಬಂದಿತ್ತು, ಅದೇ ಸಮೂಹದ ಮತ್ತೊಂದು ಕಂಪನಿ ಶೇರು ಮಾರಲು ಸಲ್ಲಿಸಿದ್ದ ಕರಡು ದಾಖಲೆಯೂ ಸೆಬಿಯ ಮೇಜಿನ ಮೇಲಿತ್ತು. ಮೂರನ್ನೂ ಪಕ್ಕಪಕ್ಕ ಇಟ್ಟು ಓದುವವರು ಒಬ್ಬರಿದ್ದರು ಎನ್ನುವುದು ಮುಖ್ಯ.

ಅಲ್ಲಿ ಸಹಾರಾದವರ ವಾದವೂ ಇದೇ ಆಗಿತ್ತು. ನಮ್ಮ ಕಂಪನಿಗಳು ಪಟ್ಟಿಯಾದವಲ್ಲ, ಇದು ಖಾಸಗಿ ವಿತರಣೆ, ಸೆಬಿಗೆ ಅಧಿಕಾರವಿಲ್ಲ. ಖಾಸಗಿ ಎಂದರೆ ಎಷ್ಟು ಜನ? ಸುಮಾರು ಮೂರು ಕೋಟಿ! ಆಗಿನ ಹಳೆಯ ಕಾಯ್ದೆಯಲ್ಲಿ ಮಿತಿ ಐವತ್ತರೊಳಗೆ. 2011ರ ಜೂನ್‌ನಲ್ಲಿ ಸೆಬಿಯ ಪೂರ್ಣಾವಧಿ ಸದಸ್ಯ ಕೆ. ಎಂ. ಅಬ್ರಹಾಂ ಹಣ ಮರಳಿಸುವಂತೆ ಆದೇಶ ಬರೆದರು. 2012ರ ಆಗಸ್ಟ್ 31ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಕೆ. ಎಸ್. ರಾಧಾಕೃಷ್ಣನ್ ಮತ್ತು ಜೆ. ಎಸ್. ಖೇಹರ್ ಅದನ್ನು ಎತ್ತಿಹಿಡಿದು, ಸುಮಾರು 24 ಸಾವಿರ ಕೋಟಿ ರೂಪಾಯಿಯನ್ನು ಶೇ 15 ಬಡ್ಡಿ ಸಹಿತ ಕೊಡಿ ಎಂದರು. ಹೂಡಿಕೆದಾರರ ದಾಖಲೆಗಳೆಂದು 127 ಲಾರಿ ಕಾಗದ ಸೆಬಿಗೆ ಬಂತು. 2014ರಲ್ಲಿ ಸಹಾರಾದ ಮುಖ್ಯಸ್ಥ ಸುಬ್ರತಾ ರಾಯ್ ತಿಹಾರ್ ಜೈಲು ಕಂಡರು.

ಕಥೆ ಅಲ್ಲಿಗೆ ಸುಖಾಂತ ಆಗಲಿಲ್ಲ, ಅದನ್ನೂ ಹೇಳಬೇಕು. 2023ರ ಮಾರ್ಚ್ ವೇಳೆಗೆ ಸೆಬಿ ಬಾಂಡುದಾರರಿಗೆ ಮರಳಿಸಿದ್ದು 138 ಕೋಟಿ ಮಾತ್ರ. ಸಹಾರಾ ಕಟ್ಟಿದ್ದ ಹಣದ ಖಾತೆಯಲ್ಲಿ ಉಳಿದದ್ದರಿಂದ 5 ಸಾವಿರ ಕೋಟಿ ತೆಗೆದು ಅದೇ ಸಮೂಹದ ಸಹಕಾರ ಸಂಘಗಳ ಠೇವಣಿದಾರರಿಗೆ ಕೊಡಲು ಕೋರ್ಟು ಒಪ್ಪಿದ್ದು ಆ ವರ್ಷವೇ. ಜನವರಿಯ ಆ ಪತ್ರ ನಾಲ್ಕೈದು ವರ್ಷ ಮೊದಲು ಬಂದಿದ್ದರೆ, ಅಥವಾ ಅದಕ್ಕೂ ಮೊದಲು ಬಂದಿದ್ದ ಯಾವುದಾದರೂ ಪತ್ರವನ್ನು ಯಾರಾದರೂ ಪುಟ ತಿರುಗಿಸಿ ನೋಡಿದ್ದರೆ? ಹಾಗೆ ಬಂದಿತ್ತೋ ಇಲ್ಲವೋ ನಾನು ಹೇಳಲಾರೆ. ಆದರೆ ಮೂರು ಕೋಟಿ ಜನರಲ್ಲಿ ಒಬ್ಬರೂ ಒಂದು ಕಾರ್ಡು ಬರೆದಿರಲಿಲ್ಲ ಅಂದರೆ ಅಂಚೆಯವನಾದ ನನಗೆ ನಂಬಲು ಕಷ್ಟ.

ನಮ್ಮ ರಾಜ್ಯದ್ದೇ ಬೇಕಾದರೆ 2019ರ ಜೂನ್ ನೆನಪಿಸಿಕೊಳ್ಳಿ. ಲಾಭದ ಆಸೆ ತೋರಿಸಿ ಜನರಿಂದ ಹಣ ಎತ್ತಿದ್ದ ಐಎಂಎ ಕಂಪನಿ ಮುಚ್ಚಿದಾಗ ಶಿವಾಜಿನಗರದಲ್ಲಿ ದೂರು ಕೊಡಲು ಸಾವಿರಾರು ಜನ ಬಿಸಿಲಲ್ಲಿ ನಿಂತಿದ್ದರು. ಠೇವಣಿದಾರರ ಹಿತ ಕಾಯುವ ಕರ್ನಾಟಕದ ಕಾಯ್ದೆ 2004ರಿಂದಲೇ ಇತ್ತು. ಅನಿಯಂತ್ರಿತ ಠೇವಣಿ ನಿಷೇಧಿಸುವ ಕೇಂದ್ರದ ಕಾಯ್ದೆ ಅದೇ ವರ್ಷ ಬಂತು. ಕಾನೂನಿಗೆ ಬರ ಇಲ್ಲ. ಮಡಿಕೆ ಬಿಚ್ಚುವ ಕೈ ಬೇಕು.

ನಾಲ್ಕು ಲಕ್ಷಕ್ಕೆ 42 ಪತ್ರ ಯಾಕೆ ಎಂದು ನಮ್ಮ ಮಗನೂ ಕೇಳುತ್ತಾನೆ. ಪಿಂಚಣಿ ಬರುತ್ತದೆ, ತೋಟ ಇದೆ, ಹೋಗಲಿ ಬಿಡಪ್ಪ ಅನ್ನುತ್ತಾನೆ. ಯಾರಿಗೂ ಹೇಳದ ಕಾರಣ ಒಂದಿದೆ, ಬಹಿರಂಗ ಪತ್ರ ಅಂದಮೇಲೆ ಅದೂ ಬಹಿರಂಗವಾಗಲಿ. ಆ 63 ಜನರಲ್ಲಿ ಕಡೇಪಕ್ಷ ಆರು ಜನ ದುಡ್ಡು ಹಾಕಿದ್ದು ನಾನು ಹಾಕಿದ್ದೇನೆ ಎಂಬ ಕಾರಣಕ್ಕೆ. ನನ್ನ ಷಡ್ಡಕನ ಮಗ ನನ್ನ ಬಾಂಡಿನ ಜೆರಾಕ್ಸನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು ಮನೆಮನೆಗೆ ತೋರಿಸಿದ್ದ. "ನೋಡಿ, ಪೋಸ್ಟ್ ಮೇಷ್ಟ್ರೇ ಹಾಕವ್ರೆ." ಹಿಂದಿನ ಬೀದಿಯ ಆ ಹೆಂಗಸು, 11971, ಗಂಡನ ವಿಮೆ ಹಣ ಎರಡು ಲಕ್ಷ ಕೊಟ್ಟಿದ್ದು ಹಾಗೆ. ಅವರು ಈಗಲೂ ದಾರಿಯಲ್ಲಿ ಸಿಕ್ಕರೆ "ಚೆನ್ನಾಗಿದೀರಾ ಸಾರ್" ಅನ್ನುತ್ತಾರೆ. ಬಾಂಡಿನ ಮಾತು ಎತ್ತುವುದಿಲ್ಲ. ಎತ್ತಿದ್ದರೆ ನನಗೆ ಸ್ವಲ್ಪ ಹಗುರಾಗುತ್ತಿತ್ತು.

ಆ ಶುಕ್ರವಾರದ ವಿಷಯ ಪೂರ್ತಿಯಾಗಲಿಲ್ಲ. ದಫೇದಾರರಿಗೆ ಹೇಳಿಕೆ ಬರೆದುಕೊಂಡು ಹೋಗಬೇಕಿತ್ತು. ನಾನು ಜೀವ ಕಳೆದುಕೊಳ್ಳುವುದಿಲ್ಲ ಎಂದು ಒಂದು ಸಾಲು ಸಾಕಿತ್ತು ಅವರಿಗೆ. ನಾನು ಬಿಡಲಿಲ್ಲ. ಜಗಲಿಯ ಮೇಲೆ ಕೂರಿಸಿ, ಬಾಂಡು ತಂದು ಕೈಗೆ ಕೊಟ್ಟು, ನಂಬರಿನ ಕಥೆ ಹೇಳಿದೆ. ಅವರು ಕನ್ನಡಕ ಹಾಕಿಕೊಂಡು ಹಸಿರು ಅಂಚು, ಉಬ್ಬು ಮೊಹರು, ಹಿಂಬದಿಯ ಸಣ್ಣ ಅಕ್ಷರ ಎಲ್ಲ ನೋಡಿದರು. ಬೆರಳಿನಲ್ಲಿ ಮೊಹರು ಸವರಿದರು. ಆಮೇಲೆ ಹೊಸ ಹುಡುಗನನ್ನು ಬೈಕಿನ ಹತ್ತಿರ ಕಳಿಸಿ, ದನಿ ತಗ್ಗಿಸಿ ಕೇಳಿದರು: "ಮೇಷ್ಟ್ರೇ, ನಮ್ಮ ಅತ್ತೆ ಹತ್ರಾನೂ ಇಂಥದ್ದೇ ಒಂದು ಐತೆ. ಇದು ಬರಲ್ವಾ?"

ಅವತ್ತು ಅವರು ನಾಲ್ಕು ಪುಟ ಬರೆದುಕೊಂಡರು. ಮೂರು ವರ್ಷದಲ್ಲಿ ನನ್ನ ದೂರನ್ನು ಆದಿಯಿಂದ ಅಂತ್ಯದವರೆಗೆ ಕೇಳಿದ ಮೊದಲ ಸರ್ಕಾರಿ ನೌಕರರು ಅವರೇ, ಅದೂ ಬೇರೆ ಕೆಲಸಕ್ಕೆ ಬಂದು. ಆ ನಾಲ್ಕು ಪುಟವೂ ಠಾಣೆಯಿಂದ ನಿಮ್ಮ ಕಡತಕ್ಕೆ ಬಂದು ಸೇರಿದೆ, ನೋಡಿದೆ. ಅದರ ಮೇಲೆ 'ಅರ್ಜಿದಾರರು ಕ್ಷೇಮವಾಗಿದ್ದಾರೆ, ಕಡತ ಮುಕ್ತಾಯಗೊಳಿಸಬಹುದು' ಎಂಬ ಟಿಪ್ಪಣಿ ಇದೆ. ಅಕ್ಷರ ನಿಮ್ಮದಲ್ಲ ಅಂತ ಕಾಣುತ್ತದೆ, ನೀಲಿ ಶಾಯಿ.

ನನ್ನ ಕೋರಿಕೆ ದೊಡ್ಡದಲ್ಲ. ಕ್ಷೇಮವಾಗಿರುವ ಅರ್ಜಿದಾರನ ಕಡತವನ್ನು ದಯವಿಟ್ಟು ಮತ್ತೆ ತೆರೆಸಿ. ಮೂರನೇ ಪುಟದ ಎರಡನೇ ಪ್ಯಾರಾದ ಕೆಳಗೆ ಅದೇ ಕೆಂಪು ಪೆನ್ಸಿಲ್ಲಿನಿಂದ ಒಂದು ಗೆರೆ ಎಳೆಯಿರಿ. ಬೇರೆ ಕಚೇರಿಗೆ ಕಳಿಸುವುದೇ ಆದರೆ 'ಸೂಕ್ತ ಕ್ರಮಕ್ಕಾಗಿ' ಎನ್ನುವುದರ ಬದಲು 'ಹದಿನೇಳು ದಿನದಲ್ಲಿ 533 ಬಾಂಡು, ಪರಿಶೀಲಿಸಿ' ಎಂದು ಬರೆದು ಕಳಿಸಿ. ಉಳಿದದ್ದು ಅವರಿಗೆ ಅರ್ಥವಾಗುತ್ತದೆ. ಆಗದಿದ್ದರೆ ನನ್ನ ಹತ್ತಿರ ಇನ್ನೂ ಕಾಗದ ಇದೆ.

ಇತಿ,
ನಿವೃತ್ತ ಉಪ ಅಂಚೆಪಾಲಕ,
ತಿಪಟೂರು ತಾಲ್ಲೂಕು.
(ಹೆಸರು, ವಿಳಾಸ, ಬಿ.ಪಿ. ಎಷ್ಟಿದೆ ಎನ್ನುವುದೂ ಸೇರಿ ತಮ್ಮ ಕಡತದಲ್ಲೇ ಇದೆ.)

ಅಡಕ: 1. ಬಾಂಡು ನಂ. 11438ರ ನಕಲು. ಈ ಸಲ ಮಡಚಿಲ್ಲ, ದೊಡ್ಡ ಲಕೋಟೆಯಲ್ಲಿ ಹಾಕಿದ್ದೇನೆ.
2. ಅರವತ್ತಮೂರು ಜನರ ಪಟ್ಟಿ.
3. ಪಟ್ಟಿಗೆ ಹೊಸದಾಗಿ ಸೇರಿಸಿದ್ದು: ಬಾಂಡು ನಂ. 14206, ದಿನಾಂಕ 2017ರ ಸೆಪ್ಟೆಂಬರ್ 8. ದಫೇದಾರರ ಅತ್ತೆಯವರದು.